ತೊಂಬತ್ತೆರಡು ಪೌಂಡಿನ ಲಿಂಗ

ಏಪೆಕ್ಸ್, ನಾರ್ತ್ ಕ್ಯಾರೊಲೈನಾ
ಜನವರಿ ೧೬, ೨೦೨೩

ಫಜಲ್,

ಮೊದಲು ಖರ್ಚು ಬರೆದುಬಿಡುತ್ತೇನೆ, ಆಮೇಲೆ ಕ್ಷೇಮಸಮಾಚಾರ. ಕಬ್ಬಿಣಕ್ಕೆ ನಲವತ್ತು ಡಾಲರ್. ಮಾರಿದ ಅಜ್ಜಿ ಅರವತ್ತು ಅಂದಿದ್ದರು. ವ್ಯಾನಿಗೆ ಗ್ಯಾಸ್ ಮೂವತ್ತೆಂಟು. ಎತ್ತುವಾಗ ಹಿಡಿದುಕೊಂಡ ಸೊಂಟಕ್ಕೆ ಡಾಕ್ಟರರ ಕೋ-ಪೇ, ವಿಮೆ ಬಿಟ್ಟು ನಮ್ಮ ಪಾಲು, ಮೂವತ್ತು. ಕೂರಿಸಲು ಗ್ರಾನೈಟ್ ತುಂಡು, ಕಿಚನ್ ಕೌಂಟರ್ ಮಾಡುವವನು ಪುಕ್ಕಟೆ ಕೊಟ್ಟ. ಅವನಿಗೆ ನಾನು ಕೊಟ್ಟ ಎರಡು ಬಾಕ್ಸ್ ಮೈಸೂರ್‌ಪಾಕು ಪುಕ್ಕಟೆಯದಲ್ಲ. ವಸಂತಾ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು, ಅದನ್ನು ಯಾವ ಕಡೆ ಬರೆಯಬೇಕೋ ಗೊತ್ತಾಗಲಿಲ್ಲ.

ವಿಷಯ ಇಷ್ಟು. ನಮ್ಮ ಮನೆಗೆ ಲಿಂಗ ಬಂದಿದೆ.

ಇಲ್ಲಿಂದ ಎರಡು ಗಂಟೆ ಪೂರ್ವಕ್ಕೆ ರೋನೋಕ್ ನದಿಯ ದಡದಲ್ಲಿ ಪ್ಲಿಮತ್ ಅಂತ ಊರು. ಅಲ್ಲೊಂದು ಫಾರ್ಮಿನಲ್ಲಿ ಹಳೆಯ ಸಾಮಾನು ಮಾರುತ್ತಾರೆಂದು ಅಂಗಡಿಗೆ ರ‍್ಯಾಕ್ ಹುಡುಕಿಕೊಂಡು ಹೋಗಿದ್ದೆ. ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಇದನ್ನು ಒತ್ತಾಗಿ ಇಟ್ಟಿದ್ದರು. ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಎತ್ತರ, ತೊಡೆಯಷ್ಟು ದಪ್ಪ, ಬುಡ ಸಪಾಟು, ಮೇಲೆ ಮೇಲೆ ಹೋದಂತೆ ಕಿರಿದು. ತಲೆಯ ತುಂಬ ನದಿಯ ಕಪ್ಪೆಚಿಪ್ಪು, ತುಕ್ಕಿನ ಹೆಪ್ಪು. ಕೈ ತಾನಾಗಿ ಮುಗಿಯಿತು. ಅಜ್ಜಿ ಹೇಳಿದ್ದು ಇಷ್ಟೇ: ನದಿಯಲ್ಲಿ ಸಿಕ್ಕಿದ್ದು, ಮಾವನವರ ಕಾಲದಿಂದ ಇದೆ.

ವಸಂತಾ ನೋಡಿ, "ಕೊರಳಲ್ಲೊಂದು ಇದೆಯಲ್ರೀ, ಅದು ಸಾಲ್ದಾ?" ಅಂದಳು. ಲಿಂಗಾಯತನ ಹೆಂಡತಿ ಕೇಳಬೇಕಾದ ಪ್ರಶ್ನೆಯೇ. ನನಗಲ್ಲ, ಊರಿನವರಿಗೆ ಎಂದೆ. ಶಿವರಾತ್ರಿಯ ದಿನ ಎಲ್ಲರೂ ದೇವಸ್ಥಾನದ ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ಉಪವಾಸ ಮುಗಿಸುತ್ತಾರೆ. ನಮ್ಮ ಗ್ಯಾರೇಜಿಗೆ ಬರಲಿ, ಸ್ವಂತ ಕೈಯಿಂದ ನೀರು ಹಾಕಲಿ. ಅಂಗಡಿಯಲ್ಲಿ ಬಾಯಿಮಾತಿಗೆ ಹೇಳಿದ್ದಕ್ಕೇ ಅರವತ್ತು ಮನೆಯವರು ಬರುತ್ತೇವೆ ಅಂದಿದ್ದಾರೆ. ಬಂದವರು ಬೆಲ್ಲ, ಬಿಲ್ವಪತ್ರೆ ಎಲ್ಲಿ ಕೊಳ್ಳುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ. ಸದ್ಯ ಎರಡು ದೀಪ, ದಿನಾ ಕರ್ಪೂರದಾರತಿ ನಡೆದಿದೆ.

ವಾರವಿಡೀ ರೆಸ್ಟನ್ನಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡಿ, ಶನಿವಾರ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿ ಮಕ್ಕಳಿಗೆ ಕಬ್ಬಿಣದ ಹಡಗುಗಳ ಕಥೆ ಹೇಳುವವನು ನೀನು. ಪ್ಲಿಮತ್ತಿನ ನದಿಯಲ್ಲೂ ಅಂಥದೊಂದು ಹಡಗು ಮುಳುಗಿತ್ತಂತೆ, ಹೌದೇ? ಇದು ಅದರ ಲಂಗರಿನ ಗುಂಡಿರಬಹುದೇ? ಫೋನ್ ಮಾಡಬೇಡ. ಅಂಗಡಿಯಲ್ಲಿ ಯಾರಾದರೂ ಕೊತ್ತಂಬರಿ ಸೊಪ್ಪು ಕೇಳುತ್ತಲೇ ಇರುತ್ತಾರೆ. ಎಂದಿನಂತೆ ಬರೆ.

ನಿನ್ನ
ಶಿವಬಸಪ್ಪ


ರೆಸ್ಟನ್, ವರ್ಜಿನಿಯಾ
ಜನವರಿ ೨೩, ೨೦೨೩

ಪ್ರಿಯ ಬಸಪ್ಪ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೆಯ ಸಲ ಖಾತೂನ್ ಕೂಡ ಪಕ್ಕದಲ್ಲಿ ನಿಂತು ಓದಿದಳು.

ಪ್ಲಿಮತ್ತಿನ ವಿಷಯ ನಿಜ. ೧೮೬೪ರಲ್ಲಿ ಇಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ದಕ್ಷಿಣದವರಿಗೆ ಹಡಗುಕಟ್ಟೆಯೂ ಇರಲಿಲ್ಲ, ಕಬ್ಬಿಣವೂ ಇರಲಿಲ್ಲ. ನದಿಯ ಮೇಲ್ದಂಡೆಯ ಜೋಳದ ಹೊಲವೊಂದರಲ್ಲಿ ಮರದ ಹಡಗು ಕಟ್ಟಿ, ಗುಜರಿ ಕಬ್ಬಿಣ ಕೂಡಿಹಾಕಿ ಪಟ್ಟಿ ತಟ್ಟಿಸಿ ಮೈತುಂಬ ಹೊದಿಸಿದರು. ಅದು ಹೊಳೆಯಲ್ಲಿ ತೇಲಿಕೊಂಡು ಬಂದು ಉತ್ತರದವರ ಒಂದು ಹಡಗನ್ನು ಗುದ್ದಿ ಮುಳುಗಿಸಿತು. ಏನೂ ಇಲ್ಲದೆ ಶುರುಮಾಡಿದ ವ್ಯಾಪಾರ ಎಂದು ನಿನಗೆ ಇಷ್ಟವಾಗಬಹುದು. ಕೊನೆಗೆ ಅದನ್ನೂ ಅಲ್ಲೇ ಮುಳುಗಿಸಿದರು. ನಿನ್ನ ಮನೆಯಲ್ಲಿರುವುದು ಲಂಗರಿನದಲ್ಲ, ಆ ಹಡಗಿನ ಫಿರಂಗಿಯದು ಎಂದು ನನ್ನ ಅನುಮಾನ.

ಈಗ ನಾನು ಹೇಳುವಷ್ಟನ್ನು ಮಾಡು. ದೀಪ ದೂರ ಇಡು. ಕರ್ಪೂರ ಬೇಡ. ಉಜ್ಜಬೇಡ, ಕೆರೆಯಬೇಡ, ಅಲ್ಲಿಂದ ಇಲ್ಲಿಗೆ ಉರುಳಿಸಬೇಡ. ಅಂಗಡಿಯ ಅಕ್ಕಿ ತಕ್ಕಡಿಯನ್ನೇ ಅದರ ಪಕ್ಕಕ್ಕೆ ತಂದು, ಇಬ್ಬರು ಹಿಡಿದು ಮೆಲ್ಲಗೆ ಒಂದೇ ಒಂದು ಸಲ ತೂಗಿ ತೂಕ ಬರೆ. ಯಾವ ತೂಕಕ್ಕೆ ಏನು ಅರ್ಥ ಎಂದು ಈಗ ಹೇಳುವುದಿಲ್ಲ. ಹೇಳಿದರೆ ನಿನಗೆ ಬೇಕಾದ ತೂಕ ಬರೆಯುತ್ತೀಯ. ನಿನ್ನನ್ನು ಮೈಸೂರಿನ ಮಂಡಿ ಮೊಹಲ್ಲಾದ ದಿನಗಳಿಂದ ಬಲ್ಲೆ.

ಸಾಧ್ಯವಾದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ. ಮ್ಯೂಸಿಯಮ್ಮಿನವರಿಗೆ ತಿಳಿಸಿದರೆ ಅವರೇ ಏರ್ಪಾಡು ಮಾಡುತ್ತಾರೆ.

ಇದರಲ್ಲಿ ಒಂದು ಪದ ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟೆ. ಹಿಂದೊಮ್ಮೆ ಏರ್‌ಪೋರ್ಟಿನಲ್ಲಿ ನನ್ನ ಬ್ಯಾಗಿನಲ್ಲಿ ಹಿತ್ತಾಳೆಯ ಪುಟ್ಟ ಫಿರಂಗಿ, ಮಾದರಿಯದು, ಸಿಕ್ಕಿದಾಗ ಐದು ಗಂಟೆ ಕೂರಿಸಿದ್ದು ನಿನಗೆ ನೆನಪಿದೆ. ಮಾರ್ಚಿನಲ್ಲಿ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ. ಖಾತೂನ್ ಹೇಳುತ್ತಾಳೆ, "ಆ ಮಾತು ಫೋನಲ್ಲೂ ಬೇಡ, ಪೇಪರ್ ಮೇಲೂ ಬೇಡ ರೀ. ಅದೂ ಇನ್ನೊಬ್ಬರ ದೇವರ ವಿಷಯ, ನಾವು ಹೇಳೋದಾ?" ಅವಳು ಹೇಳಿದ್ದರಲ್ಲಿ ಎರಡನೆಯದೇ ನನಗೆ ಹೆಚ್ಚು ಕಷ್ಟದ್ದು.

ತೂಕ ಬರೆ. ತಡಮಾಡಬೇಡ.

ಫಜಲ್


ಏಪೆಕ್ಸ್
ಫೆಬ್ರವರಿ ೧, ೨೦೨೩

ಫಜಲ್ ಸಾಹೇಬರಿಗೆ,

ನೀನು ಬಿಟ್ಟ ಪದ ನನಗೆ ಗೊತ್ತು. ಬೆಲೆ.

ಮೂವತ್ತು ವರ್ಷ ಗಲ್ಲಾದ ಹಿಂದೆ ಕೂತಿದ್ದೇನಪ್ಪ. ಉಜ್ಜಬೇಡ, ಕೆರೆಯಬೇಡ, ಹೊಗೆ ತಾಗಿಸಬೇಡ ಎಂದು ಹೇಳುವವನು ಭಕ್ತನೂ ಅಲ್ಲ, ಡಾಕ್ಟರೂ ಅಲ್ಲ, ಗಿರಾಕಿ. ಹಳೆಯ ಸ್ಕೂಟರ್ ಕೊಳ್ಳಲು ಬಂದವನು ಮೊದಲು ಮುಖ ಸಿಂಡರಿಸಿಕೊಂಡು "ಇದು ಮನೇಲಿ ಇಟ್ಕೋಬಾರದು ಕಣ್ರೀ" ಅನ್ನುವುದಿಲ್ಲವೇ? ನಿನ್ನ ಮ್ಯೂಸಿಯಮ್ಮಿನವರಿಗೆ ಬೇಕಾಗಿದೆ, ನೀನು ನಡುವೆ ಸಿಕ್ಕಿಕೊಂಡಿದ್ದೀಯ. ಹೇಳಿಬಿಟ್ಟಿದ್ದರೆ ನಾನೇನು ಜಗಳ ಆಡುತ್ತಿದ್ದೆನೆ?

ಫಿರಂಗಿಯದು ಎಂದು ತಿಳಿದು ನನಗೆ ಬೇಜಾರಾಗಲಿಲ್ಲ. ನಾವಿಬ್ಬರೂ ಶ್ರೀರಂಗಪಟ್ಟಣದ ಕೋಟೆಯಲ್ಲಿ ಫಿರಂಗಿ ಗುಂಡಿನ ಮೇಲೆ ಕೂತು ಕಡಲೆಕಾಯಿ ತಿಂದವರು. ಕಬ್ಬಿಣದ ಉಂಡೆ, ಅಷ್ಟೇ. ಅದು ಯುದ್ಧ ಮಾಡಿ ಸುಸ್ತಾಗಿ ಹೊಳೆಯಲ್ಲಿ ತಣ್ಣಗಾಗಿದೆ. ಶಿವನಾಗಲು ಅದಕ್ಕಿಂತ ಅರ್ಹತೆ ಇನ್ನೇನು ಬೇಕು?

ತೂಕ ಕೇಳಿದೆ. ತೂಗಿದೆ. ತೊಂಬತ್ತೆರಡು ಪೌಂಡು.

ಶಿವರಾತ್ರಿಗೆ ಮುಂಚೆ ಮಾತ್ರ ಇದು ಈ ಮನೆಯಿಂದ ಕದಲುವುದಿಲ್ಲ. ಮೈಸೂರಿನಿಂದ ಹಿತ್ತಾಳೆಯ ನಾಗಾಭರಣ ತರಿಸಿದ್ದೇನೆ, ಐದು ಹೆಡೆಯದು. ನೆತ್ತಿಯ ಮೇಲೆ ಸ್ಕ್ರೂ ಹಾಕಿ ಕೂರಿಸಬೇಕು. ಪಂಪ್ ಕಂಪನಿಯಲ್ಲಿ ಕೆಲಸ ಮಾಡುವ ಅಣ್ಣಾಸಾಹೇಬರು ಗೊತ್ತಲ್ಲ, ಬೆಳಗಾವಿಯವರು, ಅವರು ಹನ್ನೊಂದನೇ ತಾರೀಖು ಶನಿವಾರ ಡ್ರಿಲ್ ತರುತ್ತಾರೆ. ಹಬ್ಬ ಮುಗಿಯಲಿ, ಆಮೇಲೆ ನಿನ್ನವರು ಎಷ್ಟು ಕೊಡುತ್ತಾರೆಂದು ಕೇಳಿ ನೋಡು. ತೂತಿಗೆಂದು ಕಡಿಮೆ ಮಾಡುವುದಿಲ್ಲ.

ನೀನು ಎರಡು ದಿನದಿಂದ ಫೋನ್ ಮಾಡುತ್ತಿದ್ದೀಯ. ಎತ್ತುವುದಿಲ್ಲ. ಗಿರಾಕಿ ಸ್ವಲ್ಪ ಕಾಯಲಿ.

ಶಿವಬಸಪ್ಪ


ರೆಸ್ಟನ್
ಫೆಬ್ರವರಿ ೭, ೨೦೨೩

ಪ್ರಿಯ ಬಸಪ್ಪ,

ತೊಂಬತ್ತೆರಡು! ಅಲ್ಹಮ್ದುಲಿಲ್ಲಾಹ್. ನಿನ್ನ ಕಾಗದ ಓದಿ ಕುರ್ಚಿಯ ಮೇಲೆ ಸುಮ್ಮನೆ ಕೂತುಬಿಟ್ಟೆ. ಖಾತೂನ್ ಏನಾಯಿತೆಂದು ಓಡಿಬಂದಳು. ಅವಳಿಗೆ ತೂಕ ಹೇಳಿದೆ, ಅವಳೂ ಕೂತಳು. ಆಮೇಲೆ ಇಬ್ಬರೂ ನಿನ್ನನ್ನು ಹೊಟ್ಟೆತುಂಬ ಬೈದೆವು. ನಾನು ಗಿರಾಕಿಯಂತೆ!

ನಿನ್ನದು ಗಟ್ಟಿ ಕಬ್ಬಿಣ. ಡ್ರಿಲ್ ಮಾಡಿಸು, ಏನೂ ಆಗದು. ಅಣ್ಣಾಸಾಹೇಬರಿಗೆ ಹೇಳು, ಹಳೆಯ ಎರಕ, ಎಣ್ಣೆ ಬಿಟ್ಟುಕೊಂಡು ನಿಧಾನವಾಗಿ ಕೊರೆಯಲಿ. ದೀಪ ಹಚ್ಚು, ಕರ್ಪೂರ ಹಚ್ಚು, ಅರವತ್ತಲ್ಲ, ನೂರು ಮನೆಯವರನ್ನು ಕರೆ. ನನ್ನ ಹೆಸರಿನಲ್ಲೂ ಒಂದು ಚೊಂಬು ನೀರು ಹಾಕು.

ಈಗ ಬಿಟ್ಟ ಪದವನ್ನು ಬರೆಯಬಹುದು. ಬಾಂಬ್.

ಕಬ್ಬಿಣ ಹೊದ್ದ ಹಡಗುಗಳು ಬಂದ ಮೇಲೆ ಫಿರಂಗಿಗೆ ಎರಡು ಬಗೆ ತುಂಬುತ್ತಿದ್ದರು. ಎದುರಿಗೆ ಕಬ್ಬಿಣದ ಹಡಗಿದ್ದರೆ ಗಟ್ಟಿ ಗುಂಡು, ಅದರ ಕವಚ ಒಡೆಯಲು. ಮರದ ಹಡಗು, ಕೋಟೆ, ಮನುಷ್ಯರು ಇದ್ದರೆ ಟೊಳ್ಳು ಗುಂಡು, ಒಳಗೆ ಮದ್ದಿನ ಪುಡಿ. ಎರಡೂ ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ, ತುಕ್ಕು ಹಿಡಿದ ಮೇಲಂತೂ ಗುರುತೇ ಸಿಗದು. ಆ ಹಡಗಿನ ಫಿರಂಗಿಯಲ್ಲಿ ಗಟ್ಟಿಯದು ತೊಂಬತ್ತರ ಮೇಲೆ ತೂಗುತ್ತದೆ, ಟೊಳ್ಳಿನದು ಅರವತ್ತರ ಆಸುಪಾಸು. ಟೊಳ್ಳಿನದರ ಮೂತಿಯಲ್ಲಿ ಹಿತ್ತಾಳೆಯದೋ ತಾಮ್ರದ್ದೋ ಬಿಲ್ಲೆ ಇರುತ್ತದೆ, ಕಿಡಿ ಒಳಗೆ ಹೋಗುವ ಬಾಗಿಲು. ನಿನ್ನದರ ಮೇಲೆ ಚಿಪ್ಪು ಮೆತ್ತಿದೆ ಅಂದಿದ್ದೆ, ಹಾಗಾಗಿ ತೂಕ ಬಿಟ್ಟರೆ ನನಗೆ ದಾರಿ ಇರಲಿಲ್ಲ. ಬಿಲ್ಲೆ ಭದ್ರವಾಗಿದ್ದರೆ ನೂರೈವತ್ತು ವರ್ಷ ನೀರಿನಲ್ಲಿದ್ದರೂ ಒಳಗಿನ ಪುಡಿ ಒಣಗೇ ಇರುತ್ತದೆ. ಅಂಥದಕ್ಕೆ ಡ್ರಿಲ್ ಹಾಕಿ ಸತ್ತವರು ಇದ್ದಾರೆ, ನಮ್ಮ ಕಾಲದಲ್ಲೇ.

ನಿನ್ನ ಪ್ಲಿಮತ್ತಿನಲ್ಲೇ ನಡೆದದ್ದು ಕೇಳು. ಉತ್ತರದವರ ಹಡಗಿನ ಕಪ್ತಾನ ತಾನೇ ಫಿರಂಗಿಯ ಹಗ್ಗ ಎಳೆದು ಕಬ್ಬಿಣದ ಹಡಗಿನ ಮೇಲೆ ಟೊಳ್ಳು ಗುಂಡು ಹಾರಿಸಿದ. ಅದು ಕವಚಕ್ಕೆ ಬಡಿದು ಚೆಂಡಿನ ಹಾಗೆ ವಾಪಸ್ಸು ಬಂದು ಅವನ ಕಾಲ ಬುಡದಲ್ಲೇ ಸಿಡಿಯಿತು. ಆ ಹಡಗುಗಳ ಕಾಳಗದಲ್ಲಿ ಮೊದಲು ಸತ್ತವನು ಅವನೇ.

ಅರವತ್ತು ಎಂದು ಬರೆದಿದ್ದರೆ ಅವತ್ತೇ ಕಾರು ಹತ್ತುತ್ತಿದ್ದೆ. ಸಾಕು. ವಸಂತಕ್ಕನಿಗೆ ಸಲಾಂ.

ಫಜಲ್


ಏಪೆಕ್ಸ್
ಫೆಬ್ರವರಿ ೧೩, ೨೦೨೩

ಫಜಲ್,

ಫೋನ್ ಮಾಡಲು ಧೈರ್ಯ ಬರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾವು ಬದುಕಿದ್ದೇವೆ. ಮೊದಲು ಅದನ್ನು ಓದಿಕೊ.

ಅರವತ್ತನಾಲ್ಕು ಪೌಂಡು. ತಕ್ಕಡಿ ತೋರಿಸಿದ್ದು ಅಷ್ಟು. ನೀನು ತೂಕ ಕೇಳಿದ್ದೇ ತೂಕದ ಮೇಲೆ ಬೆಲೆ ಕಟ್ಟಲು ಎಂದುಕೊಂಡು ಇಪ್ಪತ್ತೆಂಟು ಪೌಂಡು ಸೇರಿಸಿದೆ.

ಶನಿವಾರ ಬೆಳಿಗ್ಗೆ ಅಣ್ಣಾಸಾಹೇಬರು ಬಂದರು. ಒಳಗೆ ವಸಂತಾ ಜೊತೆ ಐದಾರು ಹೆಂಗಸರು ಹಬ್ಬದ ತಂಬಿಟ್ಟಿಗೆ ಅಕ್ಕಿ ಹುರಿಯುತ್ತಿದ್ದರು. ಅಣ್ಣಾಸಾಹೇಬರು ಉಳಿ ಹಿಡಿದು ತಲೆಯ ಮೇಲಿನ ಚಿಪ್ಪನ್ನು ಟಕಟಕ ಎಂದು ಕಳಚಿದರು. ಹೌದು, ಉಳಿ, ಸುತ್ತಿಗೆ. ಕೆಳಗೆ ಹಳದಿಯಾಗಿ ಏನೋ ಹೊಳೆಯಿತು. ನಾಣ್ಯದಷ್ಟು ಅಗಲದ ಹಿತ್ತಾಳೆ.

"ಏನ್ ಪವಾಡರೀ ಬಸಪ್ಪನವರ! ಶಿವಾನೇ ತೂತಿಗೆ ಜಾಗಾ ಮಾಡಿ ಇಟ್ಟಾನಲ್ರೀ. ಹಿತ್ತಾಳಿ ಅಂದ್ರ ಬೆಣ್ಣಿ ಕೊರದಂಗ," ಅಂದರು.

ನಾನು ಕೈ ಮುಗಿದೆ. ಅವರು ಡ್ರಿಲ್ಲಿನ ಮೂತಿಯನ್ನು ಅದರ ನಟ್ಟನಡುವೆ ಇಟ್ಟು ಒಂದು ಸುತ್ತು ಕೊಟ್ಟರು. ಹಿತ್ತಾಳೆಯ ಸುರುಳಿ ಎದ್ದಿತು. ಆ ಹೊತ್ತಿಗೆ ವಸಂತಾ ಬಂದು, "ಫಜಲಣ್ಣನ ಕಾಗದ ಬಂದಿದೆ ನೋಡ್ರೀ" ಎಂದು ಕೈಗೆ ಕೊಟ್ಟಳು. ನೀನು ಏನೆಂದು ಬೆಲೆ ಕಟ್ಟಿದ್ದೀಯ ನೋಡೋಣ ಎಂದು ಅಲ್ಲೇ ನಿಂತು ಒಡೆದೆ. ಮೊದಲ ಹಾಳೆಯಲ್ಲಿ ಡ್ರಿಲ್ ಮಾಡಿಸು ಎಂದಿತ್ತು. ಓದಿ ಹೇಳಿದೆ: "ಎಣ್ಣೆ ಬಿಟ್ಕೊಂಡು ನಿಧಾನ ಅಂತೆ." ಅವರು ಕೊಬ್ಬರಿ ಎಣ್ಣೆ ಬಿಟ್ಟರು. ಡ್ರಿಲ್ ಮತ್ತೆ ತಿರುಗಿತು. ನಾನು ಹಾಳೆ ತಿರುವಿದೆ.

ತೊಂಬತ್ತು, ಅರವತ್ತು, ಹಿತ್ತಾಳೆಯ ಬಿಲ್ಲೆ. ಮೂರೂ ಒಂದೇ ಸಾಲಿನಲ್ಲಿ.

ಆಗ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ನಿಲ್ಸಿ, ನಿಲ್ಸಿ, ರಾಹುಕಾಲ!" ನಿಜ ಹೇಳಿದರೆ ತೂಕದ ವಿಷಯ ಹೊರಗೆ ಬರುತ್ತದಲ್ಲ. ಎದುರಿಗೆ ಸಾವು ಕೂತಿದ್ದಾಗಲೂ ನಾನು ನನ್ನ ಮರ್ಯಾದೆಯನ್ನೇ ತೂಗುತ್ತಿದ್ದೆ.

ಅಣ್ಣಾಸಾಹೇಬರು ಗೋಡೆಯ ಗಡಿಯಾರ ನೋಡಿ ನಕ್ಕರು. "ಶನಿವಾರ ರಾಹುಕಾಲ ಹತ್ತೂವರಿಗೆ ಮುಗೀತದರೀ. ಹನ್ನೊಂದ್ ಆತು. ನಮ್ಮವ್ವ ಬಾಯಿಪಾಠ ಮಾಡ್ಸ್ಯಾಳ್ರೀ." ಮತ್ತೆ ಒತ್ತಿದರು.

ಗೋಡೆಯಿಂದ ವೈರು ಕಿತ್ತೆ. "ಅರವತ್ನಾಲ್ಕು ಅಣ್ಣಾಸಾಹೇಬ್ರೇ! ತೊಂಬತ್ತೆರಡಲ್ಲ. ಸುಳ್ಳು ಬರ್ದಿದ್ದೆ. ಇದರೊಳಗೆ ಮದ್ದಿದೆ, ಕೈ ತೆಗೀರಿ!"

ಅವರು ಡ್ರಿಲ್ ಬಿಡಲೂ ಇಲ್ಲ, ಎತ್ತಲೂ ಇಲ್ಲ. ಕಲ್ಲಾಗಿದ್ದರು. ನಾನೇ ಅವರ ಮುಷ್ಟಿಯ ಮೇಲೆ ಕೈಯಿಟ್ಟು, ಇಬ್ಬರೂ ಸೇರಿ ಮೂತಿಯನ್ನು ಹೊರಗೆಳೆದೆವು. ಎಳೆಯುವಾಗ ಅದು ಹಿತ್ತಾಳೆಗೆ ಉಜ್ಜಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಪಕ್ಕದಲ್ಲಿ ದೀಪ ಉರಿಯುತ್ತಿತ್ತು. ಅದನ್ನು ಊದಲೂ ಹೆದರಿಕೆ, ಬೆರಳಿನಿಂದ ಚಿವುಟಿದೆ.

ಒಳಗಿಂದ ವಸಂತಾ, "ಯಾಕ್ರೀ ಕೂಗ್ತೀರಾ?" ಅಂದಳು. "ಒಲೆ ಆರ್ಸು, ಎಲ್ರೂ ಮುಂದಿನ ಬಾಗ್ಲಿಂದ ಹೊರಡಿ" ಅಂದೆ. ಚಪ್ಪಲಿ ಹುಡುಕುತ್ತಿದ್ದರು. ಮೊದಲ ಸಲ ಹೆಂಗಸರ ಮೇಲೆ ಕಿರುಚಿದೆ.

ಪೊಲೀಸರು ಬಂದರು, ಆಮೇಲೆ ಬಾಂಬಿನವರು. ರಸ್ತೆಯ ಎರಡೂ ಬದಿ ಮನೆ ಖಾಲಿ ಮಾಡಿಸಿದರು. ಪಕ್ಕದ ಮನೆಯ ಬಾಣಂತಿ ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಯ ಬೇಳೆ ಸಾಲಿನಲ್ಲಿ ಸಂಜೆಯವರೆಗೆ ಕೂತಿದ್ದಳು. ಅವಳ ಮುಖ ನೋಡಲಾಗಲಿಲ್ಲ. ಸಂಜೆ ಅದನ್ನು ಒಯ್ದು ಊರಾಚೆ ಮಣ್ಣಿನಲ್ಲಿ ಹೂತು ಸಿಡಿಸಿದರು. ಬಂದ ಅಧಿಕಾರಿ ಹೇಳಿದ, ಕೊರೆದ ಕಡೆ ಬಿಲ್ಲೆ ಬೆರಳಿನ ಉಗುರಿನಷ್ಟು ದಪ್ಪ ಮಾತ್ರ ಉಳಿದಿತ್ತು, ಸಿಡಿದ ಜೋರು ನೋಡಿದರೆ ಒಳಗೆಲ್ಲ ಒಣಪುಡಿ.

ಯಾರು ಹೇಳಿದರು ನಿಮಗೆ ಎಂದು ಕೇಳಿದರು. ಕವರಿನ ಮೇಲೆ ನಿನ್ನ ಹೆಸರಿತ್ತು. ಮಡಚಿ ಜೇಬಿಗೆ ಹಾಕಿಕೊಂಡು, ಸ್ನೇಹಿತರೊಬ್ಬರು ಎಂದಷ್ಟೇ ಹೇಳಿದೆ. ನಿನ್ನ ಮಾರ್ಚಿನ ಇಂಟರ್‌ವ್ಯೂ ನೆನಪಿತ್ತು.

ಬೈದು ಬರೆ. ಉದ್ದಕ್ಕೆ ಬರೆ.

ಬಸಪ್ಪ


ರೆಸ್ಟನ್
ಫೆಬ್ರವರಿ ೧೭, ೨೦೨೩

ಶಿವಬಸಪ್ಪನವರಿಗೆ,

ಬೈಯಲು ಕೂತೆ, ಆಗಲಿಲ್ಲ.

ನೀನು ಸುಳ್ಳು ಬರೆದೆ. ಅದನ್ನು ನಂಬಿ "ಡ್ರಿಲ್ ಮಾಡಿಸು" ಎಂದು ಬರೆದವನು ನಾನು. ವಸಂತಕ್ಕ ಬಾಗಿಲಿಗೆ ಬಂದ ಕಾಗದವನ್ನು ಹಬ್ಬ ಮುಗಿಯಲಿ ಎಂದು ಡಬ್ಬಿಯ ಮೇಲೆ ಇಟ್ಟಿದ್ದರೆ? ನೀನು ಮೊದಲ ಹಾಳೆಗೇ ನಿಲ್ಲಿಸಿದ್ದರೆ? ಆಮೇಲೆ ಯಾರಾದರೂ ಅದನ್ನು ಎತ್ತಿ ಓದಿದ್ದರೆ, ಬಾಂಬ್ ಎಂಬ ಪದ, ಕೊರೆಯಿರಿ ಎಂಬ ಮಾತು, ಕೆಳಗೆ ನನ್ನ ಸಹಿ. ಎರಡು ರಾತ್ರಿಯಿಂದ ಆ ಹಾಳೆಯನ್ನೇ ಓದುತ್ತಿದ್ದೇನೆ, ಕಣ್ಣು ಮುಚ್ಚಿದರೂ.

ನನ್ನ ತಪ್ಪೂ ಇದೆ. ಮೊದಲ ದಿನವೇ ಆ ಪದ ಬರೆಯಬೇಕಿತ್ತು. ನೀನು ಬುದ್ಧಿವಂತಿಕೆ ಮಾಡುತ್ತೀಯ ಎಂದು ಗೊತ್ತಿದ್ದು ನಿನಗಿಂತ ಹೆಚ್ಚು ಬುದ್ಧಿವಂತಿಕೆ ಮಾಡಲು ಹೋದೆ.

ನಿನ್ನೆ ನಿಮ್ಮ ಊರಿನ ಪೊಲೀಸರಿಗೆ ನಾನೇ ಫೋನ್ ಮಾಡಿದೆ. ಹೆಸರು ಹೇಳಿದೆ, ಅಕ್ಷರ ಬಿಡಿಸಿ ಹೇಳಿದೆ, ಬಾಂಬ್ ಎಂದು ಬಾಯಿಬಿಟ್ಟು ಹೇಳಿದೆ. ಖಾತೂನ್ ಎದುರಿಗೆ ನಿಂತು ನನ್ನ ತುಟಿ ನೋಡುತ್ತಿದ್ದಳು. ಅಂಥ ಗುಂಡು ಒಂಟಿಯಾಗಿ ಸಿಗುವುದು ಅಪರೂಪ, ಆ ಫಾರ್ಮಿನ ಕೊಟ್ಟಿಗೆಯನ್ನು ನೋಡಿಸಿ ಎಂದೆ. ಆ ಕಡೆಯವಳು ಬರೆದುಕೊಂಡು, "ಥ್ಯಾಂಕ್ಯೂ ಸರ್" ಅಂದಳು. ಅಷ್ಟೇ. ಆಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ.

ನನ್ನ ಹೆಸರನ್ನು ಜೇಬಿಗೆ ಹಾಕಿಕೊಂಡದ್ದಕ್ಕೆ ಉಪಕಾರ. ಇನ್ನು ಸ್ವಲ್ಪ ದಿನ ನನಗೆ ಬರೆಯಬೇಡ. ಬರೆದರೆ ಅದರಲ್ಲಿರುವುದು ನಿಜವೋ ಅಲ್ಲವೋ ಎಂದು ನಾನು ತೂಗುತ್ತಾ ಕೂರುತ್ತೇನೆ.

ಫಜಲ್


ಏಪೆಕ್ಸ್
ಫೆಬ್ರವರಿ ೨೭, ೨೦೨೩

ಫಜಲ್,

ಬರೆಯಬೇಡ ಅಂದಿದ್ದೆ. ಇದೊಂದಕ್ಕೆ ಕ್ಷಮಿಸು, ಉತ್ತರ ಬೇಡ. ಶಿವರಾತ್ರಿಯ ದಿನ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಅಂಗಡಿಯನ್ನೂ ಮುಚ್ಚಿ ನಾನು, ವಸಂತಾ ಒಳಗೆ ಕೂತು ಕೊರಳಿನದನ್ನು ಕೈಯಲ್ಲಿಟ್ಟುಕೊಂಡು ಪೂಜೆ ಮಾಡಿದೆವು.

ಇಡೀ ವ್ಯವಹಾರದಲ್ಲಿ ನಿನ್ನಿಂದ ಯಾರಿಗೆ ಏನು ಉಳಿಯಿತು ಎಂದು ಬರೆದಿದ್ದೇನೆ. ಒಂದಂಕಿಯನ್ನೂ ತಿದ್ದಿಲ್ಲ.

ಅಣ್ಣಾಸಾಹೇಬರು: ಎರಡು ಕೈ. ಡ್ರಿಲ್ ಮಾರಿಬಿಟ್ಟರು. ನನ್ನ ಅಂಗಡಿಗೆ ಬರುವುದನ್ನೂ ಬಿಟ್ಟರು.

ಪಕ್ಕದ ಮನೆಯ ಬಾಣಂತಿ: ಮನೆ, ಗೋಡೆ ಸಮೇತ. ಅವರು ಬೇರೆ ಕಡೆ ಮನೆ ನೋಡುತ್ತಿದ್ದಾರೆ.

ಪ್ಲಿಮತ್ತಿನ ಅಜ್ಜಿ: ಕೊಟ್ಟಿಗೆಯ ಹಿಂದೆ, ಹಲಗೆಯ ಕೆಳಗೆ ಇನ್ನೂ ಮೂರು ಸಿಕ್ಕವು. ಮೊಮ್ಮಕ್ಕಳು ಆ ಹಲಗೆಯ ಮೇಲೆ ಕುಪ್ಪಳಿಸುತ್ತಿದ್ದರಂತೆ. ಮೂರನ್ನೂ ಒಯ್ದರು. ಮೊಮ್ಮಕ್ಕಳು ಉಳಿದರು.

ವಸಂತಾ: ಗಂಡ.

ನಾನು: ವಸಂತಾ, ಮನೆ, ಈ ಕಾಗದ ಬರೆಯುವ ಬೆರಳುಗಳು.

ಫಜಲ್: ಏನೂ ಇಲ್ಲ.